ಊರಿಗೆ ಒಬ್ಬರೇ ಡೀಲರ್

ಎರಡು ದೊಡ್ಡ ವಿದೇಶಿ ಎಣ್ಣೆ ಕಂಪನಿಗಳು ಒಂದಾದ ಸುದ್ದಿಯನ್ನು ನನಗೆ ಮೊದಲು ಹೇಳಿದವನು ರಾಣೆಬೆನ್ನೂರಿನ ನಮ್ಮ ಗೋದಾಮಿನ ಹಮಾಲ ಫಕೀರಪ್ಪ. ಎಂಜಿನ್ ಆಯಿಲ್ ಡಬ್ಬಿಯ ಮೇಲೆ ಎರಡೂ ಹೆಸರು ನೋಡಿ, "ಮೇಡಂ, ಇವರ ಜಗಳ ಮುಗದೈತ್ರಿ" ಎಂದಿದ್ದ. ಮೇಲಿನವರ ಪತ್ರ ಬಂದದ್ದು ವಾರದ ಮೇಲೆ: ಇನ್ನು ಊರಿಗೆ ಒಬ್ಬರೇ ಡೀಲರ್.

ಬ್ಯಾಡಗಿಯಲ್ಲಿ ಹಳೆಯ ಒಂದೊಂದು ಕಂಪನಿಗೆ ಒಬ್ಬೊಬ್ಬರಂತೆ ಇಬ್ಬರಿದ್ದರು, ಎದುರುಬದುರು ಅಂಗಡಿ. ಒಂದನ್ನು ಮುಚ್ಚಿಸಿ ಬರುವ ಕೆಲಸ ಕಂಪನಿಯ ಸೇಲ್ಸ್ ಆಫೀಸರಾದ ನನ್ನದು. ಶುಕ್ರವಾರ ಮಧ್ಯಾಹ್ನ ಹೋದರೆ, ಮಕ್ತುಮಸಾಬರ ಅಂಗಡಿಯಲ್ಲಿ ಎದುರಿನ ಶಿವಣ್ಣ ಕೂತು ಅವರ ಆಯಿಲ್ ಮಾರುತ್ತಿದ್ದರು.

"ನೀವ್ಯಾಕ್ರಿ ಇಲ್ಲಿ?"

"ಮಾಮು ನಮಾಜಿಗೆ ಹೋಗ್ಯಾರ್ರಿ. ಅಮಾಸಿಗೆ ನಾ ಗುಡಿಗೆ ಹೋದ್ರ ಅವ್ರು ನಮ್ಮಂಗಡ್ಯಾಗ ಕುಂದರ್ತಾರ."

ಮಕ್ತುಮಸಾಬರು ಬಂದ ಮೇಲೆ ಪತ್ರ ಓದಿ ಹೇಳಿದೆ. ಆಮೇಲೆ ಮಕ್ತುಮಸಾಬರು, "ಅಲ್ಲಿ ಎರಡೂ ಕಂಪನಿ ಇಬ್ರು ದೊಡ್ಡ ಸಾಹೇಬ್ರೊಳಗ ಯಾರ್ನ ಮನಿಗೆ ಕಳಿಸ್ಯಾರ್ರಿ?" ಎಂದರು.

"ಯಾರನ್ನೂ ಇಲ್ರಿ. ಒಬ್ಬರು ಅಧ್ಯಕ್ಷರಾಗ್ಯಾರ, ಇನ್ನೊಬ್ಬರು ಮುಖ್ಯ ಅಧಿಕಾರಿ."

"ಹಂಗಾರ ನಮ್ಮೊಳಗ ಅಧ್ಯಕ್ಷ ಯಾರಪಾ ಶಿವಣ್ಣ?"

"ನೀವ ಆಗ್ರಿ ಮಾಮು, ನಿಮಗ ಗಡ್ಡ ಐತಿ."

ಪತ್ರದ ಜೊತೆ ಬಂದ ಫಾರ್ಮಿನಲ್ಲಿ ಮುಚ್ಚುವ ಅಂಗಡಿಯ ಹೆಸರಿನ ಜಾಗ ಖಾಲಿಯೇ ಇತ್ತು. ಶಿವಣ್ಣ ಅದರ ಮೇಲೆ ಬೆರಳಿಟ್ಟರು. "ಅಂಗಡಿ ಒಂದ ಐತಿ, ನಡುವ ರೋಡ್ ಹಾದೈತಿ ಅಂತ ಬರೀರಿ."

ಹಾಗೇ ಬರೆದೆ. ಮೇಲಿನವರು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ಬ್ಯಾಡಗಿಯಲ್ಲಿ ನಮ್ಮ ಅಂಗಡಿ ಎಷ್ಟು ಎಂದು ಯಾರಾದರೂ ಕೇಳಿದರೆ, ನೀವೂ ಒಂದೇ ಎಂದು ಹೇಳಿಬಿಡಿ.