ನಿಲ್ಲಿಸಿದವರ ಹೆಸರು

ಆ ಆಸ್ಪತ್ರೆಗೆ ಆರು ಅಂತಸ್ತು. ಮೇಲಿನ ಐದರಲ್ಲಿ ಜನ ವಾಸಿಯಾಗುತ್ತಿದ್ದರು. ಎಲ್ಲಕ್ಕಿಂತ ಕೆಳಗೆ, ನೆಲಮಾಳಿಗೆಯಲ್ಲಿ, ಅವರು ಮಲಗಿ ಎದ್ದ ಬಟ್ಟೆ ವಾಸಿಯಾಗುತ್ತಿತ್ತು. ರಕ್ತ, ಔಷಧಿ, ಕಣ್ಣೀರು ಏನೇ ಅಂಟಿಸಿಕೊಂಡು ಬಂದರೂ ಅಲ್ಲಿ ಒಗೆಸಿಕೊಂಡು, ಹಿಂಡಿಸಿಕೊಂಡು, ಬಿಸಿ ರೋಲರಿನಡಿ ನುಗ್ಗಿ, ಮದುವೆಗೆ ಹೊರಟವರ ಹಾಗೆ ಗರಿಗರಿಯಾಗಿ ಮೇಲಕ್ಕೆ ಹೋಗುತ್ತಿತ್ತು.

ಅಲ್ಲಿ ಹದಿನೆಂಟು ವರ್ಷ ಬಟ್ಟೆ ಮಡಿಸಿದವಳು ದುಪ್ಪಟಿಯಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೂ ಒಂದಿತ್ತು, ಅದು ಹಾಜರಿ ಪುಸ್ತಕದಲ್ಲಿ ಕ್ಷೇಮವಾಗಿತ್ತು.

ಮನೆಯಲ್ಲಿ ಅವಳ ಗಂಟಲು ಕೇಳಬೇಕಿತ್ತು ನೀವು. ಗಂಡ ಬೀದಿಯ ತಿರುವಿನಲ್ಲಿ ಕೂತು ಬೀಗಗಳಿಗೆ ಕೀ ಮಾಡಿಕೊಡುವವನು. ಇವಳು ಅಡುಗೆಮನೆಯಿಂದ ಕೂಗಿದರೆ ಅವನು ಅಲ್ಲಿಂದಲೇ "ಬಂದೇ" ಅನ್ನುತ್ತಿದ್ದ. ತನಗೆ ಬೇಕಾದ್ದು ಮಾತ್ರ ಕಿವಿಗೆ ಹಾಕಿಕೊಳ್ಳುವ ಅತ್ತೆಗೂ ಸೊಸೆಯ ದನಿ ಬೇಡವೆಂದರೂ ಕೇಳಿಸುತ್ತಿತ್ತು.

"ಅಲ್ವೇ, ಇಷ್ಟು ದೊಡ್ಡ ಬಾಯಿ ಇಟ್ಕೊಂಡು ಕೆಲಸದ ಕಡೆ ಏನು ಮಾಡ್ತೀಯ?" ಅಂತ ಒಮ್ಮೆ ಕೇಳಿದರು ಅತ್ತೆ.

"ಅಲ್ಲಿ ಬಟ್ಟೆ ಮಡಿಸ್ತೀನಿ ಅತ್ತೆ."

"ಬಾಯೀನೂ ಅದರ ಜೊತೆಗೇ ಮಡಿಸಿಡ್ತೀಯ ಅನ್ನು."

ಅತ್ತೆ ನಕ್ಕರು. ದುಪ್ಪಟಿಯಕ್ಕನಿಗೆ ನಗು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದಕ್ಕೆ ಆ ರೋಲರಿನ ಸಂಗತಿ ಹೇಳಬೇಕು.

ರೋಲರು ಅಂದರೆ ಎರಡಾಳುದ್ದದ ಉಕ್ಕಿನ ಉರುಳೆ, ಒಳಗೆ ಕೆಂಡದ ಹಾಗೆ ಕಾದಿರುತ್ತದೆ. ಮುಂದೆ ಇಬ್ಬರು ನಿಂತು ಮಂಚದ ಒದ್ದೆ ಹಾಸಿನ ಅಂಚು ಹಿಡಿದು ಅದರ ಬಾಯಿಗೆ ಕೊಡಬೇಕು. ಹಾಸು ಒಳಕ್ಕೆ ಹೋಗಿ ಆಚೆ ಬದಿಯಿಂದ ಒಣಗಿ, ಇಸ್ತ್ರಿಯಾಗಿ ಬರುತ್ತದೆ. ಬಟ್ಟೆ ಯಾವುದು ಬೆರಳು ಯಾವುದು ಎಂಬ ವಿವೇಕ ರೋಲರಿಗಿಲ್ಲವಲ್ಲ, ಅದಕ್ಕೇ ಮಾಡಿದವರು ಬಾಯಿಯ ಮುಂದೆ ಒಂದು ತಡೆಪಟ್ಟಿ ಇಟ್ಟಿದ್ದರು. ಬೆರಳು ಅದಕ್ಕೆ ತಾಕಿದರೆ ಸಾಕು, ಉರುಳೆ ಗಕ್ಕನೆ ನಿಲ್ಲುತ್ತದೆ. ಮತ್ತೆ ಹೊರಡಿಸಲು ಒಂದು ನಿಮಿಷ ಬೇಕು.

ಆ ಒಂದು ನಿಮಿಷಕ್ಕೆ ಆಫೀಸಿನವರು ಗೋಡೆಗೊಂದು ಕಪ್ಪು ಹಲಗೆ ತೂಗುಹಾಕಿದ್ದರು. ಮೇಲೆ ದಪ್ಪಕ್ಷರದಲ್ಲಿ "ನಿಲ್ಲಿಸಿದವರು" ಅಂತ ಬರೆದಿತ್ತು. ಯಾರ ಕೈಯಲ್ಲಿ ರೋಲರು ನಿಂತಿತೋ ಅವರ ಹೆಸರು ಅದರಲ್ಲಿ ಏರಬೇಕು. ಬರೆಸಿಕೊಂಡವರು ಸಂಜೆಯವರೆಗೆ ತಲೆ ತಗ್ಗಿಸಿಕೊಂಡೇ ಓಡಾಡುವರು. ನಾಚಿಕೆ ತಡೆಯಲಾರದೆ ಕೆಲಸದವರೇ ಒಂದು ಉಪಾಯ ಹೂಡಿದರು. ಹಳೆ ದಿಂಬಿನ ಚೀಲ ಹರಿದು, ಆ ಪಟ್ಟಿ ಅಲ್ಲಾಡದಂತೆ ಕಟ್ಟಿಬಿಟ್ಟರು. ಆಮೇಲೆ ರೋಲರು ನಿಲ್ಲಲಿಲ್ಲ, ಹಲಗೆ ಖಾಲಿ ಉಳಿಯಿತು, ಆಫೀಸಿನವರು ಬೆನ್ನು ತಟ್ಟಿದರು.

ಆ ಗಂಟು ಹಾಕಿದ ಕೈ ದುಪ್ಪಟಿಯಕ್ಕನದೇ.

ಆರು ತಿಂಗಳಾಗಿರಲಿಲ್ಲ, ಅವಳಿಗೆ ಕೆಲಸ ಕಲಿಸಿದ ಹಿರಿಯಕ್ಕನ ಎರಡು ಬೆರಳು ಸುಟ್ಟುಹೋದವು. ವಿಚಾರಿಸಲು ಬಂದವರು ಎಲ್ಲರೆದುರು ಕೇಳಿದರು, ಹೇಗಾಯಿತು ಅಂತ. ದುಪ್ಪಟಿಯಕ್ಕ ನೆಲ ನೋಡುತ್ತ, "ಅವರೇ ಸ್ವಲ್ಪ ಗಮನ ಕೊಡಲಿಲ್ಲ ಸಾರ್" ಅಂದುಬಿಟ್ಟಳು. ಹಿರಿಯಕ್ಕ ಬ್ಯಾಂಡೇಜಿನ ಕೈಯಿಂದಲೇ ಚೀಲ ಎತ್ತಿಕೊಂಡು ಹೊರಟುಹೋದರು. ಆ ಮಾತು ಹನ್ನೊಂದು ವರ್ಷ ದುಪ್ಪಟಿಯಕ್ಕನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಹೀಗಿರುವಾಗ ಹಳೆ ಮೇಸ್ತ್ರಿ ನಿವೃತ್ತರಾದರು. ಮ್ಯಾನೇಜರು ಇವಳನ್ನು ಕರೆದು, "ನೋಡಮ್ಮ, ಇನ್ಮೇಲೆ ನೀನೇ ಮೇಸ್ತ್ರಿ. ನಿನ್ನಿಂದ ಒಂದು ಗಲಾಟೆ ಇಲ್ಲ, ತಂಟೆ ಇಲ್ಲ, ಅದಕ್ಕೇ ಕೊಡ್ತಿರೋದು" ಅಂದರು.

ಸೋಮವಾರ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದಳು. ಎಣ್ಣೆ, ಹಬೆ, ಧೂಳು ಕುಡಿದು ಕಲ್ಲಾಗಿದ್ದ ತಡೆಪಟ್ಟಿಯ ಗಂಟನ್ನು ಬಿಚ್ಚಲು ಹೋದರೆ ಬರಲಿಲ್ಲ. ಕತ್ತರಿ ತಂದು ಕತ್ತರಿಸಿದಳು. ಕೆಲಸದವರು ಒಬ್ಬೊಬ್ಬರಾಗಿ ಒಳಗೆ ಬಂದು ನೋಡುತ್ತ ನಿಂತರು.

ಮೊದಲು ಬಾಯಿಬಿಟ್ಟವಳು ಮೆಣಸಿನಕಾಯಿ. ಆ ಅಡ್ಡಹೆಸರು ಯಾಕೆ ಬಂತೆಂದು ಅವಳ ಜೊತೆ ಎರಡು ನಿಮಿಷ ಮಾತಾಡಿದವರಿಗೆ ತಿಳಿಯುತ್ತದೆ. "ಮೇಸ್ತ್ರಿ ಆದ ಮೊದಲನೇ ದಿನಾನೇ ನಮ್ಮನ್ನ ಹಲಗೆಗೆ ಏರಿಸೋ ಆಸೆನಾ ಅಕ್ಕಾ?"

"ಮೊದಲು ನಾನೇ ಏರ್ತೀನಿ ಬಾರೆ" ಅಂದಳು ದುಪ್ಪಟಿಯಕ್ಕ. ರೋಲರು ಹೊರಡಿಸಿದಳು. ಬೆರಳಿಂದ ತಡೆಪಟ್ಟಿ ತಟ್ಟಿದಳು. ಉರುಳೆ ಗಕ್ಕನೆ ನಿಂತಿತು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ತುದಿಯಲ್ಲಿ ತನ್ನ ಹೆಸರು ಬರೆದು ಕೈ ಕೊಡವಿದಳು. "ನೋಡಿ, ಸತ್ತಿಲ್ಲ. ಭಯ ಆದರೆ ನಿಲ್ಲಿಸಿ. ಕೇಳಿದವರಿಗೆ ನಾನು ಹೇಳ್ತೀನಿ."

ಅವತ್ತು ರೋಲರು ಇಪ್ಪತ್ತಾರು ಸಲ ನಿಂತಿತು. ಹನ್ನೊಂದು ಗಂಟೆಗೆ ಬಟ್ಟೆ ಹೊತ್ತು ಮೇಲೆ ಹೋಗಬೇಕಾದ ಲಿಫ್ಟು ಅರ್ಧ ತಾಸು ತಡವಾಯಿತು. ಆಪರೇಷನ್ ವಿಭಾಗದವರು ಮ್ಯಾನೇಜರಿಗೆ ಫೋನಿನಲ್ಲೇ ಮಂಗಳಾರತಿ ಎತ್ತಿದರು. ಮ್ಯಾನೇಜರು ಮೆಟ್ಟಿಲು ಇಳಿದು ಬಂದದ್ದು ಎಲ್ಲರಿಗೂ ಕೇಳಿಸಿತು.

"ಏನಮ್ಮ ಇದು? ತಂಟೆ ಇಲ್ಲದವಳು ಅಂತ ಕೊಟ್ರೆ!"

"ಸಾರ್, ಆ ಪಟ್ಟಿ ಕಟ್ಟಿದ್ದು ನಾನೇ. ಹಿರಿಯಕ್ಕನ ಬೆರಳು ಹೋಗಿದ್ದು ಅವರ ತಪ್ಪಿನಿಂದ ಅಲ್ಲ. ಅವತ್ತು ನಾನು ಸುಳ್ಳು ಹೇಳ್ದೆ."

ಹನ್ನೊಂದು ವರ್ಷದ ಮುಳ್ಳು ಅಷ್ಟು ಸಲೀಸಾಗಿ ಹೊರಬಿತ್ತು. ಮ್ಯಾನೇಜರು, "ಹಳೇ ಕತೆ ಈಗ್ಯಾಕೆ? ಶನಿವಾರದವರೆಗೆ ನೋಡ್ತೀನಿ. ಶನಿವಾರ ಲಿಫ್ಟು ಹನ್ನೊಂದಕ್ಕೆ ಹೋಗದಿದ್ರೆ ಪಟ್ಟಿ ಮತ್ತೆ ಕಟ್ಟಬೇಕು, ನೀನು ಮತ್ತೆ ಮಡಿಸೋ ಮೇಜಿಗೆ" ಅಂದು ಮೆಟ್ಟಿಲು ಹತ್ತಿದರು.

ಐದು ದಿನ ಉಳಿದಿತ್ತು. ಬೇರೆಯವರಾಗಿದ್ದರೆ, ಬೇಗ ಬೇಗ ಅಂತ ಎಲ್ಲರ ಬೆನ್ನು ಹತ್ತುತ್ತಿದ್ದರು. ದುಪ್ಪಟಿಯಕ್ಕನಿಗೆ ಗೊತ್ತಿದ್ದ ವಿದ್ಯೆ ಒಂದೇ, ಮಡಿಸುವುದು.

ದೊಡ್ಡ ಹಾಸು ಮಡಿಸಲು ಇಬ್ಬರು ಬೇಕು. ಎದುರೆದುರು ನಿಂತು ತುದಿ ಹಿಡಿಯುತ್ತಾರೆ, ಜಗ್ಗಿ ಬಿಗಿ ಮಾಡುತ್ತಾರೆ, ನಡೆದು ಬಂದು ಅಂಚಿಗೆ ಅಂಚು ಸೇರಿಸುತ್ತಾರೆ. ಆಗ ಇಬ್ಬರ ಮುಖವೂ ಒಂದು ಗೇಣಿನಷ್ಟು ಹತ್ತಿರ. ಮತ್ತೆ ದೂರ, ಮತ್ತೆ ಹತ್ತಿರ. ರೋಲರಿನ ಸದ್ದಿನಲ್ಲಿ ಮಾತಾಡಲು ಸಿಗುವುದು ಆ ಹತ್ತಿರದ ಗಳಿಗೆ ಮಾತ್ರ. ಅವಳು ದಿನವೂ ಬೆಳಿಗ್ಗೆ ಒಬ್ಬೊಬ್ಬರ ಜೊತೆ ಒಂದೊಂದು ಹಾಸು ಮಡಿಸಲು ಶುರುಮಾಡಿದಳು. ಅಂಚು ಸೇರಿದಾಗ ಕೇಳುತ್ತಿದ್ದದ್ದು ಒಂದೇ ಮಾತು, "ಹೇಗಿದ್ದೀಯ, ನಿಜ ಹೇಳು."

ಒಗೆಯುವ ಯಂತ್ರ ನೋಡಿಕೊಳ್ಳುವ ಮೋಟರ್ ಮಾವ ಇಡೀ ದಿನ ಯಂತ್ರದ ಜೊತೆ ಶ್ರುತಿ ಸೇರಿಸಿ ಗುಂಯ್‌ಗುಡುವ ಮನುಷ್ಯ. ಮೊದಲ ಮಡಿಕೆಗೆ "ಚೆನ್ನಾಗಿದ್ದೀನಮ್ಮ" ಅಂದರು. ಎರಡನೆಯದಕ್ಕೆ "ಬೆನ್ನು ಸ್ವಲ್ಪ" ಅಂದರು. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. "ಬಗ್ಗೋಕಾಗಲ್ಲ ತಾಯಿ. ಎರಡು ಸಲ ಬಗ್ಗೋ ಬದಲು ಒಂದೇ ಸಲಕ್ಕೆ ಅಷ್ಟೂ ಬಟ್ಟೆ ಎಳೆದು ತೊಟ್ಟಿಗೆ ಹಾಕಿಬಿಡ್ತೀನಿ."

ಆಗ ಹೊಳೆಯಿತು ಅವಳಿಗೆ. ಮುದ್ದೆಯಾಗಿ ಎಳೆದ ಬಟ್ಟೆ ಗಂಟುಗಂಟಾಗಿಯೇ ರೋಲರಿಗೆ ಬರುತ್ತಿತ್ತು, ಆ ಗಂಟೇ ತಡೆಪಟ್ಟಿಗೆ ತಾಕಿ ನಿಲ್ಲಿಸುತ್ತಿತ್ತು. ಇಪ್ಪತ್ತಾರರಲ್ಲಿ ಇಪ್ಪತ್ತು ಸಲ ನಿಂತದ್ದು ಒಂದು ಬೆನ್ನುನೋವಿಗೆ! ಹಲಗೆಯ ಮೇಲೆ ಮಾತ್ರ ಬೇರೆಯವರ ಹೆಸರು. ಅವಳು ಆಸ್ಪತ್ರೆಯ ಹಿತ್ತಿಲಲ್ಲಿ ಮೂಲೆಗೆ ಬಿದ್ದಿದ್ದ, ರೋಗಿಗಳನ್ನು ತಳ್ಳುವ ಹಳೆ ಗಾಡಿಯೊಂದನ್ನು ಕೇಳಿ ತಂದಳು. ಅವಳ ಗಂಡ ಮಧ್ಯಾಹ್ನ ಬಂದು, ಅದು ಜಾರದಂತೆ ಚಕ್ರಕ್ಕೊಂದು ಅಗುಳಿ ಕೂರಿಸಿಕೊಟ್ಟ. ಗಾಡಿಯ ಮೇಲಿಟ್ಟ ತೊಟ್ಟಿ ಸೊಂಟದ ಎತ್ತರಕ್ಕೆ ಬಂತು. ಮೋಟರ್ ಮಾವ ನಿಂತಲ್ಲೇ ಒಂದೊಂದು ಹಾಸು ಬಿಡಿಸಿ ಹಾಕತೊಡಗಿದರು. "ರೋಗಿಗಳ ಗಾಡಿ ಮೇಲೆ ಬಟ್ಟೆ ಮಲಗಿಸಿದ್ದೀಯಲ್ಲಮ್ಮ, ಇದಕ್ಕೆ ಯಾವ ವಾರ್ಡು?" ಅಂತ ತಮಾಷೆ ಬೇರೆ.

ರೋಲರಿನ ಬಾಯಿಗೆ ಹಾಸು ಕೊಡುವ ಹುಡುಗಿಗೆ ಇರುವೆ ಅಂತ ಹೆಸರು. ಬರುತ್ತಾಳೆ, ದುಡಿಯುತ್ತಾಳೆ, ಹೋಗುತ್ತಾಳೆ, ಸದ್ದಿಲ್ಲ. ಅವಳು ಬಿಸಿಯೆದುರು ನಾಲ್ಕು ತಾಸು ಒಂದೇ ಸಮ ನಿಲ್ಲುತ್ತಿದ್ದಳು. ನೀರು ಕುಡಿದರೆ ನಡುವೆ ಹೊರಗೆ ಹೋಗಬೇಕಾಗುತ್ತದಲ್ಲ ಅಂತ ನೀರನ್ನೇ ಬಿಟ್ಟಿದ್ದಳು. ಆ ಮಾತು ಅವಳ ಬಾಯಿಂದ ಬರಲು ನಾಲ್ಕು ಹಾಸು ಮಡಿಸಬೇಕಾಯಿತು. ಅಂದಿನಿಂದ ಗಂಟೆಗೊಮ್ಮೆ ಜಾಗ ಬದಲು. ರೋಲರಿನ ಮುಂದೆ ನಿಂತವರು ಮೇಜಿಗೆ, ಮೇಜಿನವರು ರೋಲರಿಗೆ, ನಡುವೆ ಒಂದು ಲೋಟ ನೀರು ಕುಡಿಯದೆ ಯಾರೂ ದಾಟುವಂತಿಲ್ಲ.

ಮೆಣಸಿನಕಾಯಿ ಮಾತ್ರ ಮೂರು ದಿನ, "ನನಗೇನೂ ಆಗಿಲ್ಲ, ನಿಮಗೆ ಬೇರೆ ಕೆಲಸ ಇಲ್ವಾ?" ಅಂತ ಸಿಡಿದಳು. ನಾಲ್ಕನೆಯ ದಿನ ಅಂಚು ಸೇರಿಸಿ ಹಾಗೇ ನಿಂತಳು. "ಅಮ್ಮನಿಗೆ ಮರೆವು ಅಕ್ಕಾ. ದಿನಾ ಬೆಳಿಗ್ಗೆ ನೀನ್ಯಾರು ಅಂತ ಕೇಳ್ತಾಳೆ. ಉತ್ತರ ಹೇಳಿ, ಊಟ ಮಾಡಿಸಿ ಬರೋಷ್ಟರಲ್ಲಿ ನನ್ನ ತಲೆ ನನ್ನದಾಗಿರಲ್ಲ." ಅವಳಿಗೆ ಬೆಳಿಗ್ಗೆ ಅರ್ಧ ತಾಸು ತಡವಾಗಿ ಬಂದು ಸಂಜೆ ಅರ್ಧ ತಾಸು ಹೆಚ್ಚು ನಿಲ್ಲುವ ಅನುಮತಿ ಸಿಕ್ಕಿತು. ಅವಳ ನಾಲಿಗೆಯ ಖಾರ ಇಳಿಯಲಿಲ್ಲ, ಆದರೆ ಈಗ ಖಾರದಲ್ಲಿ ನಗು ಬೆರೆತಿತ್ತು.

ಗುರುವಾರ ರೋಲರು ಒಂಬತ್ತು ಸಲ ನಿಂತಿತು. ಶುಕ್ರವಾರ ನಾಲ್ಕೇ ಸಲ, ಲಿಫ್ಟು ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಹೊರಟಿತು.

ಶನಿವಾರ ಹತ್ತೂ ಮುಕ್ಕಾಲಿಗೆ ಮ್ಯಾನೇಜರು ಗಡಿಯಾರ ನೋಡುತ್ತ ಬಂದು ನಿಂತರು. ಇನ್ನು ನಲವತ್ತು ಹಾಸು. ಎಲ್ಲರ ಕೈ ಹಾರುತ್ತಿತ್ತು, ಗೆದ್ದೇ ಬಿಟ್ಟೆವು ಅನ್ನುವ ಹುರುಪು. ಅಷ್ಟರಲ್ಲಿ ಇರುವೆ ಕೈ ಚಾಚಿ ತಡೆಪಟ್ಟಿ ತಟ್ಟಿದಳು.

ರೋಲರು ನಿಂತಿತು.

"ಅಯ್ಯೋ, ಈಗಲಾ?" ಮೆಣಸಿನಕಾಯಿ ಹಣೆ ಚಚ್ಚಿಕೊಂಡಳು.

"ಯಾರು ನಿಲ್ಲಿಸಿದ್ದು?" ಮ್ಯಾನೇಜರು ಗುಡುಗಿದರು.

"ನಾನು ಸಾರ್" ಅಂತ ಮುಂದೆ ಬಂದಳು ದುಪ್ಪಟಿಯಕ್ಕ.

"ಅವರಲ್ಲ, ನಾನು!" ಇರುವೆಯ ದನಿ ಎಷ್ಟು ಜೋರಾಗಿ ಬಂತೆಂದರೆ ಅವಳೇ ಬೆಚ್ಚಿದಳು. "ನಾನೇ ನಿಲ್ಲಿಸಿದ್ದು. ಹಾಸಿನೊಳಗೆ ಏನೋ ಇದೆ. ಕೈಗೆ ಗಟ್ಟಿಯಾಗಿ ಸಿಕ್ತು."

ಹಾಸು ಎಳೆದು ಕೊಡವಿದರು. ಆಪರೇಷನ್ನಿನ ಪುಟ್ಟ ಕತ್ತರಿಯೊಂದು ಠಣ್ಣನೆ ನೆಲಕ್ಕೆ ಬಿತ್ತು. ಒಳಗೆ ಹೋಗಿದ್ದರೆ ರೋಲರಿನ ಮೈ ಸೀಳಿ, ವಾರಗಟ್ಟಲೆ ಕೆಲಸವೇ ಇರುತ್ತಿರಲಿಲ್ಲ. ಬಾಯಿಯಲ್ಲೇ ಸಿಕ್ಕಿಕೊಂಡು, ಬಿಡಿಸಲು ಯಾರಾದರೂ ಕೈ ಹಾಕಿದ್ದರೆ ಹಿರಿಯಕ್ಕನಿಗಾದದ್ದೇ ಅವರಿಗೂ ಆಗುತ್ತಿತ್ತು. ಮ್ಯಾನೇಜರು ಕತ್ತರಿ ಎತ್ತಿ ಅಂಗೈಯಲ್ಲಿಟ್ಟು ನೋಡಿದರು.

ದುಪ್ಪಟಿಯಕ್ಕ ಇರುವೆಯನ್ನು ಕೂರಿಸಿ ನೀರು ಕೊಟ್ಟಳು. ಅವಳ ಜಾಗಕ್ಕೆ ಮೇಜಿನವರೊಬ್ಬರು ಹೋಗಿ, ಮಡಿಸಲು ಒಬ್ಬರು ಕಮ್ಮಿಯಾದರು. ದುಪ್ಪಟಿಯಕ್ಕ ಹಾಸಿನ ಎರಡು ತುದಿ ಎತ್ತಿ ಮ್ಯಾನೇಜರ ಮುಂದೆ ಹಿಡಿದಳು. "ಹಿಡೀರಿ ಸಾರ್."

"ನಾನಾ?"

"ಇನ್ಯಾರು? ಹೆಬ್ಬೆರಳು ಮೇಲೆ. ಎಳೀರಿ. ಅಷ್ಟಲ್ಲ! ಅದು ಹಗ್ಗ ಅಲ್ಲ."

ಅವರು ಅಂಚು ತಪ್ಪಿಸಿದರು, ತಿರುಚಿದರು, ಮೂರನೆಯದನ್ನು ಕಾಲಿಗೇ ಸುತ್ತಿಕೊಂಡರು. "ಸಾರ್‌ನ ಮೊದಲು ಮಡಿಸಿ ಇಡ್ಬೇಕು" ಅಂದಳು ಮೆಣಸಿನಕಾಯಿ. ಎಲ್ಲರೂ ಹೋ ಎಂದು ನಕ್ಕರು, ಅವರೂ ನಕ್ಕರು. ಏಳನೆಯ ಹಾಸಿನಲ್ಲಿ ಅಂಚು ಸರಿಯಾಗಿ ಕೂಡಿತು. ಮುಖ ಹತ್ತಿರ ಬಂದಾಗ ದುಪ್ಪಟಿಯಕ್ಕ ಅವರಿಗೂ ಅದೇ ಕೇಳಿದಳು, "ಹೇಗಿದ್ದೀರಿ, ನಿಜ ಹೇಳಿ."

ಮ್ಯಾನೇಜರು ದೂರ ಹೋಗಿ ಮತ್ತೆ ಹತ್ತಿರ ಬಂದರು. "ಫೋನು ಹೊಡೆದ್ರೆ ಎದೆ ಡವಡವ ಅನ್ನುತ್ತಮ್ಮ. ಮೇಲಿನವರ ಮುಂದೆ ಆಗಲ್ಲ ಅನ್ನೋ ಮಾತೇ ಬಾಯಿಗೆ ಬರಲ್ಲ."

"ನಮಗೂ ಬರ್ತಿರಲಿಲ್ಲ ಸಾರ್" ಅಂದಳು ಅವಳು.

ಲಿಫ್ಟು ಹೊರಟಾಗ ಹನ್ನೊಂದು ಗಂಟೆ ಹನ್ನೆರಡು ನಿಮಿಷ. ಅವಳು ಏಪ್ರನ್ ಬಿಚ್ಚಿ ಅವರೆದುರು ನಿಂತಳು. "ತಡ ಆಯ್ತು ಸಾರ್. ಮಾತು ಮಾತೇ, ಮೇಜಿಗೆ ಹೋಗ್ತೀನಿ. ಆದರೆ ಪಟ್ಟಿ ಮಾತ್ರ ಕಟ್ಟಲ್ಲ. ನಾನೂ ಕಟ್ಟಲ್ಲ, ಇಲ್ಲಿ ಇನ್ಯಾರೂ ಕಟ್ಟಲ್ಲ. ಬೇಕಿದ್ರೆ ಕೇಳಿ ನೋಡಿ."

ಮ್ಯಾನೇಜರು ಸುತ್ತ ಕಣ್ಣು ಹಾಯಿಸಿದರು. ಒಬ್ಬರೂ ತಲೆ ತಗ್ಗಿಸಿರಲಿಲ್ಲ. ಅವರು ಮೆಟ್ಟಿಲು ಹತ್ತಿ ಹೊರಟುಹೋದರು.

ಭಾನುವಾರ ದುಪ್ಪಟಿಯಕ್ಕ ಬಸ್ಸು ಹತ್ತಿ ಹಿರಿಯಕ್ಕನ ಮನೆಗೆ ಹೋದಳು. ಬಾಗಿಲಲ್ಲೇ ನಿಂತು ತಪ್ಪೊಪ್ಪಿಕೊಂಡಳು. ಹಿರಿಯಕ್ಕ ಬಾಗಿಲು ಪೂರ್ತಿ ತೆರೆದರು. "ಒಳಗೆ ಬಾ. ಬೈಯೋದು ತುಂಬಾ ಇದೆ, ನಿಂತುಕೊಂಡು ಮುಗಿಯಲ್ಲ" ಅಂದರು.

ಸೋಮವಾರ ಹತ್ತೂವರೆಗೆ ರೋಲರು ನಿಂತಿತು, ಯಾವುದೋ ಹಾಸಿನ ಅಂಚು ಹರಿದಿತ್ತು. ಮೇಸ್ತ್ರಿ ಯಾರೆಂದು ಇನ್ನೂ ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ದುಪ್ಪಟಿಯಕ್ಕನ ಕಡೆ ನೋಡಿದರು. ಅದೇ ಹೊತ್ತಿಗೆ ಮೇಲೆ ಮ್ಯಾನೇಜರ ಕೋಣೆಯಲ್ಲಿ ಫೋನು ಹೊಡೆಯಿತು. ಬಾಗಿಲು ತೆರೆದಿತ್ತು, ರೋಲರಿನ ಸದ್ದು ನಿಂತದ್ದು ಅಲ್ಲಿಗೂ ಗೊತ್ತಾಗಿತ್ತು. ಮೆಟ್ಟಿಲಗುಂಟ ಅವರ ದನಿ, ಮೊದಲು ತೊದಲಿ, ಆಮೇಲೆ ಗಟ್ಟಿಯಾಗಿ, ನೆಲಮಾಳಿಗೆಗೆ ಇಳಿದು ಬಂತು:

"ಹತ್ತು ನಿಮಿಷ ತಡ ಆಗುತ್ತೆ ಡಾಕ್ಟರೇ. ರೋಲರು ನಿಂತಿದೆ... ಇಲ್ಲ, ಅವಸರ ಮಾಡಿಸೋಕೆ ಆಗಲ್ಲ. ಆಗಲ್ಲ ಅಂದೆ. ನಮ್ಮ ಮೇಸ್ತ್ರಮ್ಮ ಸರಿ ಅಂದ ಮೇಲೇ ಅದು ತಿರುಗೋದು."

ಕೆಳಗೆ ಮೆಣಸಿನಕಾಯಿ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಆ ಶಿಳ್ಳೆ ಆರನೇ ಅಂತಸ್ತಿನವರೆಗೂ ಕೇಳಿಸಿತಂತೆ.