ಮೇಷ್ಟ್ರು ಹೊದಿಸಿದ ಗೋಣಿ

ಮೊನ್ನೆ ಚಿಂತಾಮಣಿಯಲ್ಲಿ ಅತ್ತೆಯ ಮನೆ ಹಿತ್ತಿಲಲ್ಲಿ ಕೂತಿದ್ದೆವು. ಅತ್ತೆ, ಅಮ್ಮ, ನಾನು. ಬದನೆ ಗಿಡಕ್ಕೆ ಹೊಡೆಯಲು ಅತ್ತೆ ಬಕೆಟ್ಟಿನಲ್ಲಿ ಹೊಗೆಸೊಪ್ಪು ನೆನೆಹಾಕಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಮ್ಮ ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. ಇಬ್ಬರಿಗೂ ನೆನಪಾದವರು ಒಬ್ಬರೇ... ನಮ್ಮ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು.

ನಮ್ಮದು ಜಂಗಮಕೋಟೆಯ ಪಕ್ಕದ ಊರು. ಮೇಷ್ಟ್ರು ನಿವೃತ್ತರಾದ ಮೇಲೆ ಕಾಶಿಗೋ ತಿರುಪತಿಗೋ ಹೋಗುತ್ತಾರೆಂದು ನಾವಂದುಕೊಂಡರೆ, ಅವರು ಆಫ್ರಿಕಾದ ಮಲಾವಿ ದೇಶಕ್ಕೆ ಹೊರಟು ನಿಂತರು. ಅಲ್ಲಿ ಇಟ್ಟಿಗೆ ಸುಡುವುದಕ್ಕೇ ಕಾಡು ಬರಿದಾಗುತ್ತಿದೆಯಂತೆ. ಸುಡದ ಮಣ್ಣಿನಲ್ಲಿ ಶಾಲೆ ಕಟ್ಟುವ ಕೆಲಸಕ್ಕೆ ಸ್ವಯಂಸೇವಕರನ್ನು ಕರೆದಿದ್ದರಂತೆ. ಸಂಬಳವಿಲ್ಲ, ಊಟ ವಸತಿ ಅಷ್ಟೆ.

"ಇಲ್ಲೇನು ಗೋಡೆಗೆ ಬರ ಬಂದೈತಾ ಮೇಷ್ಟ್ರೆ?" ಎಂದು ಅಮ್ಮ ಕೆಣಕಿದಳು.

"ಇಲ್ಲಿ ಮಣ್ಣಿನ ಗೋಡೆ ಕಟ್ಕೊಡ್ತೀನಿ ಅಂದ್ರೆ ಯಾರು ಕರೀತಾರಮ್ಮ? ಅಲ್ಲಿ ಕರೀತವ್ರೆ. ಕಾದ ಶೀಟಿನ ಕೆಳಗೆ ಮಕ್ಕಳನ್ನ ಬೇಯಿಸಿ ಬೇಯಿಸಿ ಪಾಠ ಹೇಳ್ದೋನು ನಾನು. ಒಂದು ತಣ್ಣನೆ ರೂಮು ಕಟ್ಟಿ ಸಾಯ್ಬೇಕು."

ತಯಾರಿ ಜೋರಾಗಿತ್ತು. ಹೊಸ ಬೂಟು ಕಾಲಿಗೆ ಒಗ್ಗಲೆಂದು ಪಂಚೆಯ ಕೆಳಗೇ ಅದನ್ನು ಹಾಕಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದರು, ನಾಯಿಗಳು ಬೊಗಳುತ್ತಿದ್ದವು. ಚಿಕ್ಕಬಳ್ಳಾಪುರದಲ್ಲಿ ತರಬೇತಿ ಪಡೆದು ಬಂದು ತಮ್ಮ ಹಿತ್ತಿಲಲ್ಲಿ ಒಂದು ಗೋಡೆ ಎಬ್ಬಿಸಿದರು. ಮಣ್ಣಿಗೆ ಹುಲ್ಲು ಬೆರೆಸಿ, ಗೆದ್ದಲು ಹತ್ತದಂತೆ ಹೊಗೆಸೊಪ್ಪಿನ ನೀರು ಹಾಕಿ ತುಳಿದು, ಒಣಗದಿರಲೆಂದು ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದರು.

ಸಂಜೆಯಾದರೆ ಮಾತ್ರ ನಮ್ಮ ಹುಳುಮನೆಗೆ ಬರಲೇಬೇಕು, ಅಮ್ಮನ ಜೊತೆ ರೇಷ್ಮೆ ಹುಳಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಲೇಬೇಕು. ಹೊಗೆಸೊಪ್ಪಿನ ಸೋಂಕು ತಗಲಿದರೆ ಹುಳ ಉಳಿಯುವುದಿಲ್ಲ. ಅದಕ್ಕೆಂದೇ ಅವರು ಎಷ್ಟೋ ವರ್ಷಗಳ ನಶ್ಯದ ಚಟ ಬಿಟ್ಟಿದ್ದರು. ಮಣ್ಣು ತುಳಿದ ದಿನ ಸೋಪು ಹಚ್ಚಿ ಸ್ನಾನ ಮಾಡಿಯೇ ಬರುತ್ತಿದ್ದರು.

ಹುಳ ಕೊನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಗೂಡು ಕಟ್ಟಲು ಕೆಲವೇ ದಿನ ಉಳಿದಿತ್ತು. ತೋಟದಿಂದ ಬಂದ ಸೊಪ್ಪಿನ ಹೊರೆ ಅಂಗಳದಲ್ಲಿತ್ತು, ಅಮ್ಮ ಒಳಗಿದ್ದಳು. ಸೊಪ್ಪಿನ ಮೇಲೆ ಬಿಸಿಲು ಬಿದ್ದದ್ದನ್ನು ಮೇಷ್ಟ್ರು ಕಂಡರು. ಸೊಪ್ಪು ಬಾಡದಿರಲೆಂದು ನಾವು ಒದ್ದೆ ಗೋಣಿಯನ್ನೇ ಹೊದಿಸುವುದು. ಅವರು ಓಡಿಹೋಗಿ ತಮ್ಮ ಹಿತ್ತಿಲಲ್ಲಿ ಮಣ್ಣಿನ ಮೇಲಿದ್ದ ಗೋಣಿ ತಂದು ಹೊದಿಸಿದರು. ಮೈಕೈ ತೊಳೆದಿದ್ದರು... ಗೋಣಿ ಎಲ್ಲಿಂದ ಬಂತೆಂಬುದು ತಲೆಗೆ ಹೊಳೆದಿರಲಿಲ್ಲ.

ಸಂಜೆ ಆ ಸೊಪ್ಪನ್ನೇ ಹುಳಕ್ಕೆ ಹಾಕಿದೆವು. ಬೆಳಿಗ್ಗೆ ನೋಡಿದರೆ ಹುಳಗಳು ತಲೆ ಎತ್ತಿ ಆಡಿಸುತ್ತ ಹಸಿರು ನೀರು ಕಾರುತ್ತಿದ್ದವು. ಅಮ್ಮ ಅಂಗಳಕ್ಕೆ ಬಂದು ಗೋಣಿ ಎತ್ತಿ ಮೂಸಿದಳು. ಹೊಗೆಸೊಪ್ಪಿನ ಘಾಟು. ಇಡೀ ಬೆಳೆಯನ್ನು ಗುಂಡಿ ತೋಡಿ ಮುಚ್ಚಿದೆವು. ಮೇಷ್ಟ್ರು ಬೇಲಿಯ ಆಚೆಯೇ ನಿಂತಿದ್ದರು.

"ತಣ್ಣಗಿರ್ಲಿ ಅಂತ ಹೊದಿಸ್ದೆ ಕಣಮ್ಮ..." ಎಂದರು. ಅಮ್ಮ ತಿರುಗಿ ನೋಡಲಿಲ್ಲ.

ಅಂದೇ ಅವರು ಬೂಟು ಅಟ್ಟಕ್ಕೆ ಹಾಕಿದರು. ಹೋಗುವುದಿಲ್ಲ ಎಂದರು. "ಎದುರುಮನೆ ಹುಳ ಉಳಿಸಕ್ಕಾಗದೋನು ಪರದೇಶದ ಮಕ್ಕಳ ತಲೆ ಮೇಲೆ ಗೋಡೆ ಎಬ್ಬಿಸ್ತೀನಾ?" ಎಂದು ನನ್ನ ಹತ್ತಿರ ಹೇಳಿದರು.

ಒಂದಷ್ಟು ದಿನ ಎರಡು ಮನೆಗೂ ಮಾತಿಲ್ಲ. ಆಮೇಲೊಂದು ಬೆಳಿಗ್ಗೆ ಅಮ್ಮ ಕೊಡ ಎತ್ತಿಕೊಂಡು ಅವರ ಹಿತ್ತಿಲಿಗೆ ನಡೆದಳು. ಹಿಂದೆಯೇ ನಾನೂ ಹೋದೆ. ಕಲಸಿಟ್ಟ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅಮ್ಮ ಅದಕ್ಕೆ ನೀರು ಸುರಿದು, ಸೆರಗು ಸಿಕ್ಕಿಸಿ ತುಳಿಯತೊಡಗಿದಳು.

"ಅಯ್ಯೋ, ಬಿಡಮ್ಮ! ನಿನಗ್ಯಾಕೆ ಈ ಕೆಲಸ!" ಎನ್ನುತ್ತ ಮೇಷ್ಟ್ರು ಓಡಿ ಬಂದರು.

"ಆ ದೇಶದಾಗೆ ರೇಷ್ಮೆ ಹುಳ ಸಾಕ್ತಾರಾ?"

"ನಾನು ಹೋಗೋ ಊರಲ್ಲಿ ಇಲ್ಲಮ್ಮ."

"ಮತ್ತಿನ್ನೇನ್ರೀ ಭಯ ನಿಮಗೆ?"

ಅಮ್ಮ ತುಳಿಯುತ್ತಲೇ ಮುಂದುವರಿಸಿದಳು.

"ನನ್ ಬೆಳೆ ಹೋಯ್ತು, ಹೊಟ್ಟೆ ಉರೀತದೆ. ಸುಳ್ಳು ಯಾಕೆ ಹೇಳ್ಲಿ? ಅದಕ್ಕೇಂತ ನೀವು ಮನೇಲಿ ಕೂತ್ರೆ ಹುಳಾನೂ ಹೋಯ್ತು, ಆ ಮಕ್ಕಳ ರೂಮೂ ಹೋಯ್ತು. ಹೋಗ್ರಿ, ಮೊದ್ಲು ಆ ಬೂಟು ಇಳಿಸ್ರಿ."

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಕಣ್ಣೊರೆಸಿಕೊಂಡು ಮಣ್ಣಿಗೆ ಇಳಿದರು.

ಹೋದರು. ಅಲ್ಲಿಂದ ಒಮ್ಮೆ ವಿಡಿಯೊ ಕಾಲ್ ಮಾಡಿ, ಮೊಬೈಲನ್ನು ಗೋಡೆಯ ಉದ್ದಕ್ಕೂ ನಿಧಾನವಾಗಿ ತಿರುಗಿಸಿ ತೋರಿಸಿದರು. ಮಕ್ಕಳು ಕೂತಿದ್ದರು. ತಿರುಗಿ ಬಂದ ಮೇಲೆ ನಮ್ಮ ಹುಳುಮನೆಯ ಹೊಸಿಲಲ್ಲೇ ನಿಂತುಬಿಟ್ಟರು. ಅಮ್ಮ ಸೊಪ್ಪಿನ ಬುಟ್ಟಿಯನ್ನು ಅವರ ಕೈಗೆ ತುರುಕಿ, "ದೇಶ ಸುತ್ತಿ ಬಂದು ಸೋಮಾರಿ ಆದ್ರಾ?" ಎಂದಳು. ಅಂದಿನಿಂದ ಮತ್ತೆ ದಿನಾ ಬಂದರು.

ಈಗ ಎದುರುಮನೆಯಲ್ಲಿ ಬಾಡಿಗೆಯವರಿದ್ದಾರೆ, ಒಳ್ಳೆಯ ಜನ. ಆದರೂ ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಹುಳುಮನೆ ದೊಡ್ಡದಾಯಿತೇನೋ ಅನ್ನಿಸುತ್ತದೆ...

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಆಗ ನಮ್ಮ ಹುಳ ಕೊನೆಯ ಜ್ವರದಿಂದ ಎದ್ದಿತ್ತು. ಸಾವಿನ ಸೂತಕ ಹುಳಕ್ಕೆ ಕೇಡೆಂದು, ಬೆಳೆ ಇರುವಾಗ ಅದನ್ನು ನೋಡಿಕೊಳ್ಳುವವರು ಸಾವಿನ ಮನೆಗೆ ಹೋಗುವುದಿಲ್ಲ, ನಮ್ಮ ಕಡೆಯ ಪದ್ಧತಿ. ಅಮ್ಮ ಹುಳುಮನೆಯ ಬೀಗದ ಕೈ ನನಗೆ ಕೊಟ್ಟು, ಬೀದಿ ದಾಟಿ ಹೋಗಿ ಅವರ ತಲೆಯ ಹತ್ತಿರ ಕೂತಳು. ಆ ಬೆಳೆ ಮುಗಿಯುವವರೆಗೂ ಹುಳುಮನೆಯೊಳಗೆ ಕಾಲಿಡಲಿಲ್ಲ.