ಗಾಳಿಯೇ ಬೀಸದ ಚಂಡಮಾರುತ

ವನುವಾಟುವಿನ ನಮ್ಮ ಎಮಾಯೆ ದ್ವೀಪದಲ್ಲಿ ಕಾಲ್ಮೇತ ಆಳುತ್ತಿದ್ದದ್ದು ಒಂದೇ ಒಂದು ರಾಜ್ಯವನ್ನು: ಶಾಲೆಯ ಹಿಂದಿನ ಕಂಬ. ಅದರ ತುದಿಯಲ್ಲಿ ಗಾಳಿ ಅಳೆದು ಅಂಕಿಯನ್ನು ತಾನೇ ರಾಜಧಾನಿಗೆ ಕಳಿಸುವ ಮೂರು ಬಟ್ಟಲಿನ ಯಂತ್ರ. ಆದರೂ ಆರು ವರ್ಷ, ದಿನಕ್ಕೆರಡು ಸಲ, ಸೇನಾಪತಿಯಂತೆ ಎದೆಯುಬ್ಬಿಸಿ ನಿಂತು ಅಂಕಿ ಬರೆದುಕೊಂಡ. ಹೆಂಡತಿಯ ಹೆರಿಗೆಯ ದಿನವೂ ತಪ್ಪಿಸಲಿಲ್ಲ.

"ಇದು ಗಂಟೆಗೆ ನೂರೈವತ್ತು ಕಿಲೋಮೀಟರು ಅಂದ್ರೆ ಸಾಕು, ಹತ್ತೇ ದಿನಕ್ಕೆ ಊರಿಗೆ ವಿಮೆ ದುಡ್ಡು. ಸೂರಿಗೋಸ್ಕರ ಯಾರ ಕಾಲೂ ಹಿಡೀಬೇಕಾಗಿಲ್ಲ" ಎಂದು ನಮಗೆಲ್ಲ ಮಾತು ಕೊಟ್ಟಿದ್ದ.

ಚಂಡಮಾರುತದ ಸುದ್ದಿ ಬಂದರೆ ಹಾರುವಂಥದ್ದನ್ನೆಲ್ಲ ಇಳಿಸುವುದು ನಮ್ಮ ಅಜ್ಜಂದಿರ ಪದ್ಧತಿ. ಬಾಳೆಯ ಎಲೆ ಕಡಿಯುತ್ತೇವೆ, ಮರಗೆಣಸಿನ ಕಾಂಡ ಮೊಟಕು ಮಾಡುತ್ತೇವೆ, ಪಾತ್ರೆ ಹೂಳುತ್ತೇವೆ. ಈ ಸಲ ಸುದ್ದಿ ಬಂದ ಬೆಳಿಗ್ಗೆ ಕಾಲ್ಮೇತ ಮುದುಕರನ್ನು ಚರ್ಚಿಗೆ ಹೊತ್ತೊಯ್ಯುತ್ತಿದ್ದಾಗ ಅವನ ಅಕ್ಕ ಲೇಮಾರಾ ತಲೆಯೆತ್ತಿ ಕಂಬದ ತುದಿ ನೋಡಿದಳು.

"ಅಯ್ಯೋ, ನನ್ನ ತಮ್ಮನ ಪ್ರಾಣ ಇನ್ನೂ ಮೇಲೇ ಕೂತಿದೆಯಲ್ರೋ!"

ಊರಿಗೆ ಊರೇ ದಂಡೆತ್ತಿ ಹೋಯಿತು. ಯಂತ್ರ ಬಿಚ್ಚಿ, ಚಾಪೆ ಸುತ್ತಿ, ಗೆಣಸಿನ ಗುಂಡಿಯಲ್ಲಿ ಮಲಗಿಸಿದೆವು. ಏಣಿ ಹಿಡಿದವನು ನಾನು, ಅವನ ಜೀವದ ಗೆಳೆಯ. ಅವನಿಗೆ ಹೇಳಲಿಲ್ಲ. ಆಮೇಲೆ ಅವನ ಮುಖ ಅರಳುವುದನ್ನು ನೋಡುವ ಆಸೆ.

ಸಂಜೆ ಗಾಳಿ ನಿಂತಾಗ ಊರಲ್ಲಿ ಚರ್ಚು ಮತ್ತು ಬೋಳು ಕಂಬ ಮಾತ್ರ ನಿಂತಿದ್ದವು. ಲೇಮಾರಾ ಯಂತ್ರವನ್ನು ಹಸುಗೂಸಿನಂತೆ ಎತ್ತಿ ತಂದಳು.

"ಒಂದು ಗೀರೂ ಬಿದ್ದಿಲ್ಲ ಕಣೋ!"

"ಯಾರು ಇಳಿಸಿದ್ದು?"

"ಎಲ್ರೂ!" ಎಂದೆವು, ಹೆಮ್ಮೆಯಿಂದ. ಮುಖ ಅರಳಲಿಲ್ಲ.

ನಾಲ್ಕನೇ ದಿನ ಕಾಲ್ಮೇತನಿಗೆ ರಾಜಧಾನಿಯ ವಿಮೆ ಅಧಿಕಾರಿಯ ಫೋನು ಬಂತು. "ನಿಮ್ಮಲ್ಲಿ ಗಾಳಿಯೇ ಬೀಸಿಲ್ವಲ್ಲಪ್ಪ. ಸೊನ್ನೆ ಅಂತಿದೆ."

"ಸ್ವಾಮಿ, ನನ್ನ ಮನೇಲಿ ಗೋಡೆನೂ ಇಲ್ಲ. ಬಂದು ನೋಡಿ."

"ಒಪ್ಪಂದಕ್ಕೆ ಕಣ್ಣಿಲ್ಲ. ಯಂತ್ರ ಹೇಳಿದ್ದಷ್ಟೇ ಅದಕ್ಕೆ ಕೇಳಿಸೋದು. ಸೊನ್ನೆ ಬರೆದು ಸಹಿ ಹಾಕಿ ಕಳಿಸು."

ಊರ ಮುಖ್ಯಸ್ಥ ಕಾಲ್ಮೇತನ ಮೇಲೆ ಗುಡುಗಿದ: "ಇನ್ನೆಂಥ ಗಾಳಿ ಬೇಕಿತ್ತೋ ನಿನಗೆ? ಮೋಸಗಾರ!"

ಕಾಲ್ಮೇತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ. "ನಲವತ್ತು ಮನೆಗೂ ಗೊತ್ತಿತ್ತು. ಒಬ್ಬರಾದ್ರೂ ನನಗೊಂದು ಮಾತು ಹೇಳಬಾರದಿತ್ತೇನ್ರೋ?"

"ಮೇಲಿದ್ದಿದ್ರೆ ಹಾರಿಹೋಗ್ತಿತ್ತಲ್ಲೋ!" ಎಂದು ಅಕ್ಕ ಅತ್ತಳು.

"ಹಾರಲಿ ಅಂತಲೇ ಬಿಟ್ಟಿದ್ದೆ ಅಕ್ಕ. ಹಾರೋ ಮುಂಚೆ ಅಂಕಿ ಕಳಿಸಿರ್ತಿತ್ತು."

ಅವನು ಸೊನ್ನೆ ಬರೆದು ಸಹಿ ಹಾಕಿದ. ಮರುದಿನವೇ ಹೆಂಡತಿ ಮಗುವಿನೊಂದಿಗೆ ಗುಡ್ಡದಾಚೆ, ಗಾಳಿ ಅಷ್ಟಾಗಿ ತಾಗದ ಅತ್ತೆಮನೆಗೆ ನಡೆದ. ವಾರ ಬಿಟ್ಟು ನಾನು ಕರೆತರಲು ಹೋದೆ.

"ಯಾರು?" ಎಂದು ಒಳಗಿನಿಂದ ಕೇಳಿದ.

ಹೆಸರು ಹೇಳಿದೆ. ಬಾಗಿಲು ತೆರೆಯಲಿಲ್ಲ.